ಮೈಸೂರಿಗೆ ಚಿತ್ರ ನೋಡೋಕೆ ಅಂತಾನೇ ಒಂದಿನ ಬಂದ್ರೆ ಎಲ್ಲೆಲ್ಲಿಗೆ ಹೋಗ್ಬೇಕು?

ಮದ್ದೂರಮ್ಮ:
ಎಲ್ರಿಗೂ ನಮಸ್ಕಾರ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ, ಡ್ರಾಯಿಂಗ್ ಲೋಯರ್ ಎಕ್ಸಾಂ ಪಾಸ್ ಮಾಡ್ಕೊಂಡವ್ಳೆ, ಈಗ ಹೈಯರ್‌ಗೆ ರೆಡಿಯಾಗ್ತಾವ್ಳೆ. ಕೈ ಚೆನ್ನಾಗೈತೆ ಅಂತ ಅವ್ರ ಮೇಷ್ಟ್ರೇ ಹೇಳ್ತಾರೆ, ಆದ್ರೆ ಇವ್ಳು ನೋಡೋದೆಲ್ಲಾ ಫೋನಲ್ಲೇ, ದೊಡ್ಡೋರು ಬರೆದ ಚಿತ್ರದ ಮುಂದೆ ನಿಂತ್ಕೊಂಡು ಇದುವರ್ಗೂ ನೋಡಿಲ್ಲ. ಮೈಸೂರು ಇಷ್ಟು ಹತ್ರ ಇದ್ದೂ ನಾವು ಹೋದಾಗೆಲ್ಲಾ ಝೂ, ಚಾಮುಂಡಿ ಬೆಟ್ಟ, ಬಟ್ಟೆ ಅಂಗ್ಡಿ ಅಷ್ಟೇ ಆಗೋಗುತ್ತೆ. ಈ ಸಲ ಬೆಳಗ್ಗೆ ಟ್ರೈನಿಗೆ ಬಂದು ಸಾಯಂಕಾಲ ವಾಪಸ್ ಹೋಗೋ ಪ್ಲಾನು. ಅತ್ತೆನೂ ಬತ್ತೀನಿ ಅಂತಾವ್ರೆ, ಅವ್ರಿಗೆ ಮಂಡಿನೋವು, ಜಾಸ್ತಿ ಮೆಟ್ಲು ಹತ್ತಕ್ಕಾಗಲ್ಲ. ಎಲ್ಲಿ ಏನು ನೋಡ್ಬೇಕು ಸ್ವಲ್ಪ ಬಿಡಿಸಿ ಹೇಳಿ.

ಒಂಟಿಕೊಪ್ಪಲ್ ನಿವಾಸಿ:
ಮೇಡಂ, ಮೊದ್ಲು ಜಗನ್ಮೋಹನ ಅರಮನೆ. ಸ್ಟೇಷನ್ನಿಂದ ಆಟೋ ಹತ್ತಿದ್ರೆ ಬೇಗ ಬಂದ್ಬಿಡುತ್ತೆ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು, 1897ರಲ್ಲಿ ಹಳೇ ಅರಮನೆ ಬೆಂಕಿಗೆ ಹೋದ್ಮೇಲೆ ರಾಜಮನೆತನ ಇಲ್ಲೇ ಇತ್ತು, ನಾಲ್ವಡಿಯವ್ರ ಪಟ್ಟಾಭಿಷೇಕನೂ 1902ರಲ್ಲಿ ಇಲ್ಲೇ ಆಗಿದ್ದು. 1915ರಿಂದ ಚಿತ್ರಶಾಲೆ. ಜನ ಬರ್ತಾರೆ, ಫ್ರೆಂಚ್ ಗಡಿಯಾರದ ಸಿಪಾಯಿಗಳನ್ನ ನೋಡ್ತಾರೆ, ದೀಪದ ಹುಡುಗಿ ನೋಡ್ತಾರೆ, ಅರ್ಧ ಗಂಟೇಲಿ ಹೊರಗಡೆ. ನೀವು ಹಂಗೆ ಮಾಡ್ಬೇಡಿ.

ಆ ದೀಪದ ಹುಡುಗಿ ಚಿತ್ರಾನ ಎಷ್ಟೋ ಜನ ಇವತ್ತಿಗೂ ರವಿವರ್ಮಂದು ಅಂತಾರೆ, ಅಲ್ಲ, ಅದು ಎಸ್.ಎಲ್. ಹಲ್ದಂಕರ್ ಅವ್ರು 1945-46ರ ಸುಮಾರಿಗೆ ಬರೆದಿದ್ದು, ದೀಪ ಹಿಡ್ಕೊಂಡು ನಿಂತಿರೋದು ಅವ್ರ ಸ್ವಂತ ಮಗಳು ಗೀತಾ. ಮುಖ್ಯವಾದ ವಿಷ್ಯ ಅಂದ್ರೆ ಅದು ವಾಟರ್ ಕಲರ್. ಆಯಿಲ್ ಆದ್ರೆ ತಪ್ಪಾಗಿದ್ದರ ಮೇಲೆ ಇನ್ನೊಂದು ಪದರ ಬಳೀಬಹುದು, ವಾಟರ್ ಕಲರಲ್ಲಿ ಬೆಳಕು ಬೇಕಾದ ಕಡೆ ಕಾಗದದ ಬಿಳೀನ ಮೊದಲಿಂದ್ಲೇ ಕಾಪಾಡ್ಕೊಂಡು ಬರ್ಬೇಕು, ಒಂದ್ಸಲ ಗಾಢ ಬಣ್ಣ ಬಿತ್ತು ಅಂದ್ರೆ ಮುಗೀತು. ಮಗಳಿಗೆ ಹೇಳಿ, ದೀಪಕ್ಕೆ ಅಡ್ಡ ಹಿಡಿದಿರೋ ಕೈನ ಬೆರಳುಗಳನ್ನ ನೋಡ್ಲಿ, ಬೆರಳಿನ ಅಂಚಲ್ಲಿ ಬೆಳಕು ಚರ್ಮ ದಾಟ್ಕೊಂಡು ಕೆಂಪಗೆ ಬರ್ತಿರುತ್ತೆ. ಹೈಯರ್ ಎಕ್ಸಾಂಗೆ ಬಣ್ಣ ಕಲೀತಿರೋ ಹುಡುಗಿಗೆ ಆ ಒಂದು ಕೈ ಮುಂದೆ ಹತ್ತು ನಿಮಿಷ ನಿಂತ್ರೆ ಸಾಕು ಎಷ್ಟೋ ಗೊತ್ತಾಗುತ್ತೆ.

ಆಮೇಲೆ ರವಿವರ್ಮನ ವಾದ್ಯ ನುಡಿಸೋ ಹೆಂಗಸರ ಗುಂಪಿನ ಚಿತ್ರ, 1889ರದ್ದು. ಒಬ್ಬೊಬ್ಬರದ್ದು ಒಂದೊಂದು ಸೀಮೆ ಉಡುಪು, ಹಿಂದೆ ಟೋಪಿ ಹಾಕಿರೋ ಹೆಂಗಸೂ ಇದಾಳೆ. ಜರಿ ಸೀರೆ ಜರಿ ಥರ, ನೂಲಿನ ಸೀರೆ ನೂಲಿನ ಥರಾನೇ ಕಾಣುತ್ತೆ, ಹತ್ರ ಹೋಗಿ ನೋಡಿದ್ರೆ ಬರೀ ಬ್ರಷ್ ಗುರುತು. ನಮ್ ಮನೆಗಳಲ್ಲಿದ್ದ ಲಕ್ಷ್ಮಿ ಸರಸ್ವತಿ ಫೋಟೋಗಳೆಲ್ಲ ಇವ್ನು 1894ರಲ್ಲಿ ಮುಂಬೈಲಿ ಶುರು ಮಾಡಿದ ಪ್ರೆಸ್ಸಿನ ವಂಶದವೇ, ಅತ್ತೆಯವ್ರಿಗೆ ಅದನ್ನ ಹೇಳಿ, ಖಂಡಿತ ಇಷ್ಟ ಪಡ್ತಾರೆ. ಮೇಲಿನ ಮಹಡಿಗಳಿಗೆ ಮೆಟ್ಲಿದೆ, ಅವ್ರನ್ನ ಕೆಳಗಡೇನೇ ಗೋಡೆ ಮೇಲೆ ಬರೆದಿರೋ ಒಡೆಯರ ವಂಶವೃಕ್ಷದ ಹತ್ರ ಕೂರಿಸಿ ನೀವಿಬ್ರು ಹೋಗ್ಬನ್ನಿ. ಒಂದೊಂದ್ಸಲ ರಿಪೇರಿಗೆ ಅಂತ ಕೆಲವು ಹಾಲ್ ಮುಚ್ಚಿರ್ತಾರೆ, ಹೊರಡೋ ಮುಂಚೆ ಫೋನ್ ಮಾಡಿ ಕೇಳ್ಕೊಳಿ.

ಅಗ್ರಹಾರ ಸರ್ಕಲ್:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ದೊಡ್ಡ ಅರಮನೆ ಬಿಡ್ಬೇಡಿ ಅಕ್ಕ. ನೋಡಿದೀವಲ್ಲ ಅಂತೀರ, ಅಲ್ಲಿ ಎಲ್ರೂ ತಲೆ ಎತ್ಕೊಂಡು ಕಲ್ಯಾಣ ಮಂಟಪದ ನವಿಲಿನ ಗಾಜಿನ ಚಾವಣಿ ನೋಡ್ತಾ ನಡೀತಾರೆ, ಕಣ್ಣೆದುರು ಗೋಡೆಲಿರೋ ದಸರಾ ಮೆರವಣಿಗೆ ಚಿತ್ರಗಳನ್ನ ಯಾರೂ ನೋಡಲ್ಲ. ಒಟ್ಟು 26 ಇವೆ, 1934ರಿಂದ 1945ರವರೆಗೆ ನಮ್ಮ ಮೈಸೂರಿನ ಕಲಾವಿದ್ರೇ ಬರೆದಿದ್ದು, ಕೆ. ಕೇಶವಯ್ಯನವರ ಕೈ ಅದ್ರಲ್ಲಿದೆ. ಅಂಬಾರಿ ಮೇಲೆ ನಾಲ್ವಡಿಯವರು, ಕುದುರೆ ಪಡೆ, ಬ್ಯಾಂಡು, ರಸ್ತೆ ಬದೀಲಿ ಜನ. ನಂಗೆ ರಾಜರಿಗಿಂತ ಆ ಜನಾನೇ ಇಷ್ಟ, ಒಬ್ಬರ ಮುಖ ಇನ್ನೊಬ್ಬರ ಥರ ಇಲ್ಲ, ಪೇಟ ಕಟ್ಟಿರೋ ರೀತಿನೂ ಬೇರೆ ಬೇರೆ. ಚಿತ್ರ ಬರೆಯೋ ಮಗು ಗುಂಪನ್ನ ಹೆಂಗೆ ಕೂರಿಸ್ಬೇಕು, ಹಿಂದಿರೋರನ್ನ ಎಷ್ಟು ಮಸುಕು ಮಾಡ್ಬೇಕು ಅಂತ ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ಮೈಸೂರಲ್ಲಿ ಇಲ್ಲ ಅಂತೀನಿ. ಚಪ್ಪಲಿ ಹೊರಗೆ ಬಿಡ್ಬೇಕು. ಭಾನುವಾರ ಹೋಗ್ಬೇಡಿ, ರಶ್ಶಲ್ಲಿ ತಳ್ಕೊಂಡೇ ಹೋಗ್ಬಿಡ್ತಾರೆ.

ಕಾವಾ ಹಳೇ ವಿದ್ಯಾರ್ಥಿ:
ನಮಸ್ತೆ. ನಾನು ಕಾವಾದಲ್ಲಿ ಓದಿದವ್ನು, ಅದೇ ಸಿದ್ಧಾರ್ಥನಗರದ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು. ಮಗಳಿಗೆ ಮುಂದೆ ಆಸೆ ಇದ್ರೆ ಕ್ಯಾಂಪಸ್ ಒಂದ್ಸಲ ತೋರ್ಸಿ, ಸ್ಟೂಡೆಂಟ್ಸ್ ಎಕ್ಸಿಬಿಷನ್ ಇದ್ದಾಗ ಬಂದ್ರೆ ತನಗಿಂತ ನಾಲ್ಕೈದು ವರ್ಷ ದೊಡ್ಡೋರು ಏನ್ ಮಾಡ್ತಾರೆ ಅನ್ನೋದು ಕಾಣುತ್ತೆ, ಅದ್ರಿಂದ ಬರೋ ಧೈರ್ಯ ರವಿವರ್ಮನ ಚಿತ್ರದಿಂದ ಬರಲ್ಲ.

ಇನ್ನೊಂದು, ಜಗನ್ಮೋಹನದಲ್ಲಿ ಮೈಸೂರು ಸಂಪ್ರದಾಯ ಶೈಲಿ ಚಿತ್ರಗಳಿವೆ, ಅವುನ್ನ ದಾಟ್ಕೊಂಡು ಹೋಗ್ಬೇಡಿ. ತಂಜಾವೂರು ಚಿತ್ರದಲ್ಲಿ ಚಿನ್ನದ ಕೆಲಸ ದಪ್ಪ, ಕಲ್ಲು ಕೂರಿಸಿರ್ತಾರೆ, ದೂರದಿಂದ್ಲೇ ಹೊಳೆಯುತ್ತೆ. ಮೈಸೂರಿಂದು ಹಂಗಲ್ಲ, ಗೆಸ್ಸೋ ಅಂತ, ಬಿಳಿ ಪುಡೀನ ಅಂಟಲ್ಲಿ ಕಲಸಿದ ಪೇಸ್ಟು, ಅದನ್ನ ಸಣ್ಣ ಬ್ರಷ್ಷಲ್ಲಿ ಎಳೆ ಎಳೆಯಾಗಿ ಬಿಟ್ಟು, ಅದರ ಮೇಲೆ ತೆಳು ಚಿನ್ನದ ಹಾಳೆ ಕೂರಿಸೋದು. ಸೀದಾ ಎದುರಿಗೆ ನಿಂತ್ರೆ ಗೊತ್ತಾಗಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ, ದೇವಿ ಕಿರೀಟ, ಸೀರೆ ಅಂಚು ಸ್ವಲ್ಪ ಮೇಲೆದ್ದಿರೋದು ಕಾಣುತ್ತೆ. ಫೋನಿನ ಫೋಟೋದಲ್ಲಿ ಇದು ಬರೋದೇ ಇಲ್ಲ, ಅದಕ್ಕೇ ಎದುರಿಗೆ ಹೋಗಿ ನೋಡ್ಬೇಕು ಅನ್ನೋದು.

ಬ್ಯಾಗಲ್ಲಿ ಸಣ್ಣ ಸ್ಕೆಚ್ ಬುಕ್ಕು ಪೆನ್ಸಿಲ್ಲು ಇರ್ಲಿ, ಒಳಗೆ ಬಿಡದಿದ್ರೆ ಹೊರಗೆ ಬಂದು ಕೂತು ನೆನಪಿಂದ ಬರೀಲಿ.

ಕೆ.ಆರ್. ಮೊಹಲ್ಲಾ ಅಜ್ಜಿ:
ನಿಮ್ಮತ್ತೆಯವ್ರ ಬಗ್ಗೆ ಯಾರೂ ಸರಿಯಾಗಿ ಹೇಳ್ಲಿಲ್ಲ, ಅವ್ರಿಗೆ ಇಷ್ಟವಾಗೋ ಜಾಗ ಮೈಸೂರು ಯೂನಿವರ್ಸಿಟಿ ಕ್ಯಾಂಪಸ್ಸು ಮಾನಸಗಂಗೋತ್ರಿಯ ಜಾನಪದ ವಸ್ತು ಸಂಗ್ರಹಾಲಯ. ಜಯಲಕ್ಷ್ಮೀ ವಿಲಾಸ ಅಂತ 1905ರ ಬಂಗ್ಲೆ. ತೊಗಲುಗೊಂಬೆ, ಯಕ್ಷಗಾನದ ವೇಷ, ಸೋಮನ ಕುಣಿತದ ಮುಖವಾಡ, ಹಳ್ಳಿ ಪಾತ್ರೆ ಪಡಗ. ಸೋಮನ ಕುಣಿತ ನಿಮ್ಮ ಮಂಡ್ಯ ಕಡೇದೇ ಅಲ್ವಾ, ಈ ಸಂಗ್ರಹಾಲಯ ಕಟ್ಟಿದವ್ರಲ್ಲಿ ಜಾನಪದ ವಿದ್ವಾಂಸ ಜೀಶಂಪ (ಜೀ.ಶಂ. ಪರಮಶಿವಯ್ಯ) ನಾಗಮಂಗಲ ತಾಲ್ಲೂಕಿನವ್ರು, ಜೊತೇಲಿ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ. ತೊಗಲುಗೊಂಬೆ ಅಂಚಲ್ಲಿ ಕೊರೆದಿರೋ ತೂತುಗಳನ್ನ ಮಗಳು ಗಮನಿಸ್ಲಿ, ಬೆಳಕು ಅದ್ರಲ್ಲಿ ಹಾದು ಬಂದಾಗ್ಲೇ ಒಡವೆ ಆಗೋದು. ಆ ಕಟ್ಟಡದ ದುರಸ್ತಿ ಆಗಾಗ ನಡೀತಿರುತ್ತೆ, ಯೂನಿವರ್ಸಿಟಿಗೆ ಕೇಳಿ ಹೋಗಿ. ದಸರಾ ಹತ್ರ ಬಂದ್ರೆ ಝೂ ಎದುರು ರಾಮ್‌ಸನ್ಸ್‌ನವ್ರು ಬೊಂಬೆ ಮನೆ ಇಡ್ತಾರೆ, ಊರೂರಿನ ಗೊಂಬೆ, ಅದೂ ನೋಡೋ ಹಂಗಿರುತ್ತೆ.

ಮದ್ದೂರಮ್ಮ:
ಇಷ್ಟೊಂದು ಹೇಳ್ತೀರ ಅಂತ ಅನ್ಕೊಂಡಿರ್ಲಿಲ್ಲ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಸೋಮನ ಕುಣಿತದ ವಿಷ್ಯ ಓದಿ ಹೇಳ್ದೆ, ಅವ್ರು ಅಲ್ಲಿಗೇ ಮೊದ್ಲು ಹೋಗೋಣ ಅಂತ ಕೂತವ್ರೆ. ಬುಧವಾರ ಬರ್ತೀವಿ, ಬೆಳಗ್ಗೆ ಗಂಗೋತ್ರಿ, ಊಟ ಆದ್ಮೇಲೆ ಜಗನ್ಮೋಹನ. ಎರಡೇ ಸಾಕು, ದೊಡ್ಡ ಅರಮನೆ ಚಿತ್ರಗಳಿಗೆ ದಸರಾ ರಜೇಲಿ ಇನ್ನೊಂದ್ಸಲ ಬಂದು, ಆಗ್ಲೇ ಬೊಂಬೆ ಮನೆನೂ ನೋಡ್ತೀವಿ. ಗಂಗೋತ್ರಿ ಒಳಗೆ ಬಂಗ್ಲೆ ಬಾಗಿಲ ತನಕ ಆಟೋ ಬಿಡ್ತಾರಾ?

ಕೆ.ಆರ್. ಮೊಹಲ್ಲಾ ಅಜ್ಜಿ:
ಬಿಡ್ತಾರೆ ಕಣಮ್ಮ, ಗೇಟಲ್ಲಿ ವಯಸ್ಸಾದವ್ರು ಇದಾರೆ ಅಂತ ಹೇಳಿ. ಬಂಗ್ಲೆ ಮುಂದೆ ಒಂದಷ್ಟು ಮೆಟ್ಲಿದೆ, ಕೈ ಹಿಡ್ಕೊಂಡು ನಿಧಾನಕ್ಕೆ ಹತ್ತಿಸಿ.