ಆಯಿಗೆ ಪ್ರೋಬಯಾಟಿಕ್ ಶುರು ಮಾಡಲೇ? ಕೊಟ್ಟು ನೋಡಿದವರು ಹೇಳಿ

ಕಾರವಾರದಿಂದ, ಕೇಳಿದವರು

ನಮ್ಮ ಆಯಿಗೆ 78 ವರ್ಷ, ನಮ್ಮ ಜೊತೆಗೇ ಇದ್ದಾರೆ. ಎರಡು ವರ್ಷದಿಂದ ಹೊಟ್ಟೆ ಸರಿಯಾಗಿ ಸಾಫ್ ಆಗುತ್ತಿಲ್ಲ. ವಾರಕ್ಕೆ ಎರಡು ಸಲ ಆದರೆ ದೊಡ್ಡದು. ಆದ ದಿನ ಮುಖವೇ ಬೇರೆ, ಆಗದ ದಿನ ಚಹಾದ ಮೇಲೂ ಸಿಟ್ಟು. ಬಿಪಿಗೆ ಒಂದು, ಮೊಣಕಾಲು ನೋವಿಗೆ ಒಂದು, ಜೊತೆಗೆ ಕ್ಯಾಲ್ಸಿಯಂ, ಐರನ್ ಗುಳಿಗೆ ನಡೆದಿವೆ. ಇಸಬಗೋಲ್ ಕೊಟ್ಟರೆ ಹೊಟ್ಟೆ ಉಬ್ಬರಿಸುತ್ತದೆ ಅನ್ನುತ್ತಾರೆ. ಮೆಡಿಕಲ್ ಅಂಗಡಿಯವರು ಪ್ರೋಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದು ಅನ್ನುವ ಜೀವಾಣುಗಳಿರುವ ಔಷಧಿ, ಕೊಟ್ಟು ನೋಡಿ ಅಂದರು. ಒಂದು ಡಬ್ಬಿ ತಂದಿಟ್ಟಿದ್ದೇನೆ, ಇನ್ನೂ ಒಡೆದಿಲ್ಲ. ಮನೆಯಲ್ಲಿ ವಯಸ್ಸಾದವರಿಗೆ ಕೊಟ್ಟವರು ಇದ್ದರೆ ಹೇಳಿ: ಗುಣ ಬಂತೇ, ಎಷ್ಟು ದಿನಕ್ಕೆ, ಬಿಟ್ಟ ಮೇಲೆ ಏನಾಯಿತು?

ಕುಮಟಾದಿಂದ

ನಮ್ಮ ಅತ್ತೆಗೆ ಕೊಟ್ಟಿದ್ದೆವು ಅಕ್ಕಾ. ಡಾಕ್ಟರೇ ಚೀಟಿಯಲ್ಲಿ ಬರೆದದ್ದು, ಬೈಫಿಡೋಬ್ಯಾಕ್ಟೀರಿಯಂ ಅನ್ನುವ ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲ್, ದಿನಕ್ಕೊಂದು. ಮೊದಲ ವಾರ ಗ್ಯಾಸ್ ಬಿಟ್ಟು ಬೇರೇನೂ ಇಲ್ಲ. ಮೂರನೇ ವಾರದಿಂದ ಎರಡು ದಿನಕ್ಕೊಮ್ಮೆ ಆಗತೊಡಗಿತು. ಸರಿಹೋಯಿತಲ್ಲ ಅಂತ ನಿಲ್ಲಿಸಿದೆವು, ಹದಿನೈದು ದಿನಕ್ಕೆ ಮತ್ತೆ ಹಳೇ ಕಥೆ. ಆದರೆ ಅದೇ ತಿಂಗಳು ಹಿತ್ತಲಲ್ಲಿ ಪಪ್ಪಾಯಿ ಹಣ್ಣಾಗಿ ದಿನಾ ತಿನ್ನುತ್ತಿದ್ದರು. ಗುಣ ಕ್ಯಾಪ್ಸೂಲಿನದ್ದೋ ಪಪ್ಪಾಯಿಯದ್ದೋ, ಎದೆ ಮುಟ್ಟಿ ಹೇಳಲಾರೆ.

ಅಂಕೋಲಾದಿಂದ

ಡಬ್ಬಿಯ ಮೇಲೆ ಬರೆದದ್ದನ್ನು ಓದಿ ಕೊಡಿ. ನಾನು ಅಂಗಡಿಗೆ ಹೋಗಿ ‘ಅಜ್ಜಿಗೆ ಹೊಟ್ಟೆ ಸರಿ ಇಲ್ಲ, ಪ್ರೋಬಯಾಟಿಕ್ ಕೊಡಿ’ ಅಂದಿದ್ದೆ. ಯಾವ ಥರ ಸರಿ ಇಲ್ಲ ಅಂತ ಅವರೂ ಕೇಳಲಿಲ್ಲ, ನಾನೂ ನಾಚಿಕೆಗೆ ಹೇಳಲಿಲ್ಲ. ಬೆರಳುದ್ದದ ಪ್ಲಾಸ್ಟಿಕ್ ಬಾಟಲಿಗಳು, ಕುಡಿಯುವಂಥವು, ಒಳಗೆ ಬ್ಯಾಸಿಲಸ್ ಕ್ಲಾಸಿಐ ಅನ್ನುವ ಬ್ಯಾಕ್ಟೀರಿಯಾ. ವಾರವಿಡೀ ಕುಡಿಸಿದ ಮೇಲೆ ಗೊತ್ತಾಯಿತು, ಅದನ್ನು ಕೊಡುವುದು ಭೇದಿಗಂತೆ. ಸ್ಯಾಕರೋಮೈಸಿಸ್ ಬೌಲಾರ್ಡಿ ಅನ್ನುವ ಯೀಸ್ಟಿನ ಪುಡಿಯೂ ಹೆಚ್ಚಾಗಿ ಹಾಗೇ. ಅದರಿಂದ ತೊಂದರೆ ಏನೂ ಆಗಲಿಲ್ಲ, ದುಡ್ಡು ಹೋಯಿತು ಅಷ್ಟೇ. ಅಜ್ಜಿ ಮಾತ್ರ ಇವತ್ತಿಗೂ ಬಿಡುವುದಿಲ್ಲ: ‘ಕಟ್ಟಿದ್ದನ್ನು ಬಿಚ್ಚು ಅಂದರೆ ಇನ್ನೊಂದು ಗಂಟು ಹಾಕಿದ ಮೊಮ್ಮಗ.’

ಶಿರಸಿ ಕಡೆಯಿಂದ

ನನ್ನದು ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ. ಅಪ್ಪಯ್ಯನಿಗೆ 83. ಕಳೆದ ಮಳೆಗಾಲದಲ್ಲಿ ನಾವೂ ಇಂಥದ್ದೇ ಕ್ಯಾಪ್ಸೂಲ್ ಇಪ್ಪತ್ತು ದಿನ ಕೊಟ್ಟೆವು, ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಒಮ್ಮೆಲೇ ನೀರುನೀರಾಗಿ, ಪಂಚೆಯಲ್ಲೇ. ಅಂತೂ ಔಷಧಿ ಹತ್ತಿತು ಅಂತ ನಮಗೆ ಖುಷಿ! ಮರುದಿನವೂ ನಿಲ್ಲದಿದ್ದಾಗ ಭೇದಿ ಅಂದುಕೊಂಡು ನಿಲ್ಲಿಸುವ ಗುಳಿಗೆ ತಂದಾಗಿತ್ತು. ಕೊಡದೇ ಇದ್ದದ್ದು ಪುಣ್ಯ. ಡಾಕ್ಟರು ಕೈಗವಸು ಹಾಕಿ ಒಂದು ನಿಮಿಷ ಪರೀಕ್ಷೆ ಮಾಡಿ ಹೇಳಿದರು, ಕೆಳಗೆ ಕಲ್ಲಿನ ಹಾಗೆ ಕೂತಿದೆ, ಮೇಲಿನ ನೀರು ಅದರ ಸಂದಿಯಲ್ಲಿ ಸೋರುತ್ತಿದೆ ಅಂತ. ಬಸಿಗಾಲುವೆಗೆ ಅಡಕೆ ಸೋಗೆ ಬಿದ್ದು ಮಣ್ಣು ಕಟ್ಟಿದರೆ ನೀರು ಬದಿಯಿಂದ ಜಿನುಗುತ್ತದಲ್ಲ, ಅದೇ. ಎನಿಮಾ ಕೊಟ್ಟು ತೆಗೆಸಬೇಕಾಯಿತು. ಹಾಗೆ ಕಟ್ಟಿಕೊಂಡಿರುವಾಗ ಮೇಲಿಂದ ಎಷ್ಟು ಕೋಟಿ ಬ್ಯಾಕ್ಟೀರಿಯಾ ಸುರಿದರೂ ಏನು ಬಂತು?

ಅದಾದ ಮೇಲೆ ಅವರು ಗುಳಿಗೆಗಳನ್ನೆಲ್ಲ ತನ್ನಿ ಅಂದರು. ಹಳೇ ಬಿಸ್ಕೀಟು ಡಬ್ಬವನ್ನೇ ಒಯ್ದು ಮೇಜಿನ ಮೇಲೆ ಸುರಿದೆ. ಹನ್ನೊಂದು ಥರ! ಬೆನ್ನುನೋವಿಗೆ ಯಾವಾಗಲೋ ಬರೆದ ಟ್ರಾಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೆ ಅಂತ ಅಮಿಟ್ರಿಪ್ಟಿಲಿನ್, ಐರನ್, ಕ್ಯಾಲ್ಸಿಯಂ. ಎಲ್ಲವೂ ಹೊಟ್ಟೆ ಕಟ್ಟುವವೇ. ಮೂರನ್ನು ಅಲ್ಲೇ ತೆಗೆದರು. ಅಕ್ಕಾ, ನಿಮ್ಮ ಆಯಿಯ ಪಟ್ಟಿ ಓದಿದ ಕೂಡಲೇ ನನಗೆ ಹೊಳೆದದ್ದು ಇದೇ: ಐರನ್, ಕ್ಯಾಲ್ಸಿಯಂ ಎರಡೂ ಇವೆ, ಮೊಣಕಾಲಿನ ಗುಳಿಗೆ ಯಾವುದು ಅಂತ ನೋಡಬೇಕು, ಬಿಪಿ ಗುಳಿಗೆಗಳಲ್ಲೂ ವೆರಾಪಮಿಲ್ ಥರದ ಕೆಲವು ಹೀಗೆ ಮಾಡುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಡಬ್ಬ ಹಿಡಿದುಕೊಂಡು ಹೋಗಿ. ಹೋದಾಗ ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ.

ಇನ್ನೊಂದು ನಮಗೆ ಗೊತ್ತೇ ಇರಲಿಲ್ಲ. ಅಪ್ಪಯ್ಯ ಸಂಜೆ ಐದರ ಮೇಲೆ ನೀರು ಮುಟ್ಟುತ್ತಿರಲಿಲ್ಲ. ಪಾಯಖಾನೆ ಇದ್ದದ್ದು ಹಿತ್ತಲಲ್ಲಿ, ಹಾಸುಗಲ್ಲಿನ ಮೇಲೆ ಪಾಚಿ, ಮಳೆ, ಕರೆಂಟಿಲ್ಲ. ರಾತ್ರಿ ಏಳಬೇಕಾದೀತು ಅಂತ ಸಂಜೆಯಿಂದಲೇ ಬಾಯಿ ಕಟ್ಟುತ್ತಿದ್ದರು. ಮನೆಯೊಳಗೇ ಕಮೋಡ್ ಮಾಡಿಸಿದೆವು. ಅಲ್ಲಿ ಕೂತರೆ ಕಾಲು ನೆಲಕ್ಕೆ ಅರ್ಧಂಬರ್ಧ ತಾಗುತ್ತದೆ, ತಿಣುಕುವುದಕ್ಕೆ ಆಗುವುದಿಲ್ಲ ಅಂತ ಹೊಸ ದೂರು. ಮೊಣಕಾಲು ಸೊಂಟಕ್ಕಿಂತ ಮೇಲೆ ಬಂದರೆ ದಾರಿ ನೇರ ಆಗುತ್ತದಂತೆ, ಅದಕ್ಕೆ ಪಾದದ ಕೆಳಗೆ ಏನಾದರೂ ಇಡಬೇಕು. ನಾನು ಜಗಲಿಯ ಹಲಸಿನ ಮಣೆ ಎತ್ತಿಕೊಂಡು ಹೊರಟೆ. ‘ಊಟದ ಮಣೆ ಅಲ್ಲಿಗೆ ಒಯ್ಯುತ್ತೀಯಾ?’ ಅಂತ ಅಪ್ಪಯ್ಯ ಕೂಗಿದ್ದು ಪಕ್ಕದ ಮನೆಗೆ ಕೇಳಿಸಿರಬೇಕು. ಬಡಗಿಯಿಂದ ಗೇಣೆತ್ತರದ ಬೇರೆ ಹಲಗೆ ಮಾಡಿಸಿದೆ. ಈಗ ಬೆಳಗಿನ ದೋಸೆ, ಚಹಾ ಮುಗಿದು ಕಾಲು ಗಂಟೆಗೆ, ಬರಲಿ ಬಿಡಲಿ, ಹೋಗಿ ಕೂರುತ್ತಾರೆ. ತಿಂದ ಮೇಲೆ ದೊಡ್ಡ ಕರುಳು ತಾನಾಗಿಯೇ ಅಲುಗುವ ಹೊತ್ತು ಅದು.

ಮೊಸರು, ಮಜ್ಜಿಗೆಯಲ್ಲೂ ಜೀವಾಣು ಇರುತ್ತವಲ್ಲ ಅಂತ ಕೇಳಬಹುದು. ನಮ್ಮಲ್ಲಿ ಮಧ್ಯಾಹ್ನ ತಂಬುಳಿ ತಪ್ಪುವುದಿಲ್ಲ. ಒಂದೆಲಗವೋ ಮತ್ತೊಂದೋ ಅರೆದು ಮಜ್ಜಿಗೆಗೆ ಕಲಸುವುದು, ಕುದಿಸುವುದಿಲ್ಲ. ಹಾಗಾಗಿ ಮೊಸರಿನ ಜೀವಾಣುಗಳು ಉಳಿದಿರುತ್ತವೆ. ಕುದಿಸಿದ ಮಜ್ಜಿಗೆ ಹುಳಿಯಲ್ಲಿ, ಬೇಯಿಸಿದ ಇಡ್ಲಿಯಲ್ಲಿ ಅವು ಬದುಕಿರುವುದಿಲ್ಲ. ಹಾಗಂತ ಮನೆ ಮೊಸರೇ ಪ್ರೋಬಯಾಟಿಕ್ ಅನ್ನುವ ಜಂಬ ನನಗಿಲ್ಲ. ಅದರಲ್ಲಿ ಯಾವ ತಳಿ ಎಷ್ಟಿದೆ ಅಂತ ಎಣಿಸಿದವರು ಯಾರು? ಹೊಟ್ಟೆಗೆ ತಂಪು, ನೀರೂ ಹೋಗುತ್ತದೆ, ಸೊಪ್ಪೂ ಹೋಗುತ್ತದೆ. ಅಷ್ಟು ಸಾಕು.

ಯಲ್ಲಾಪುರದಿಂದ

ರಾತ್ರಿ ಮಲಗುವಾಗ ಎರಡು ಚಮಚ ಹರಳೆಣ್ಣೆ. ಬೆಳಿಗ್ಗೆ ಎಲ್ಲ ಸಾಫ್. ನಮ್ಮ ಅಜ್ಜಂದಿರು ಯಾವ ಬ್ಯಾಕ್ಟೀರಿಯಾ ನುಂಗಿದ್ದರು?

ಹೊನ್ನಾವರದಿಂದ, ನಿವೃತ್ತ ನರ್ಸ್

ಯಲ್ಲಾಪುರದ ತಮ್ಮಾ, ಹರಳೆಣ್ಣೆ ಹೊಟ್ಟೆ ತಿರುಚಿ ಹೊರಡಿಸುತ್ತದೆ. 78ರ ಮುದುಕಿಗೆ ದಿನಾ ಕೊಟ್ಟರೆ ನೀರು, ಪೊಟ್ಯಾಷಿಯಂ ಎರಡೂ ಇಳಿದು ತಲೆತಿರುಗಿ ಬಿದ್ದರೆ, ಆಮೇಲೆ ಸೊಂಟದ ಮೂಳೆ ಯಾರು ಕೂಡಿಸುತ್ತಾರೆ?

ತಂಗೀ, ನೀನು ಕೇಳಿದ್ದಕ್ಕೆ ಬರುತ್ತೇನೆ. 2014ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು 14 ಪ್ರಯೋಗಗಳನ್ನು, ಒಟ್ಟು 1182 ಜನರನ್ನು, ಒಟ್ಟಿಗೆ ಲೆಕ್ಕ ಹಾಕಿದ್ದರು. ಪ್ರೋಬಯಾಟಿಕ್ ತೆಗೆದುಕೊಂಡವರಿಗೆ ವಾರಕ್ಕೆ ಸರಾಸರಿ 1.3 ಸಲ ಹೆಚ್ಚು ಆಯಿತು. ಚೆನ್ನಾಗಿ ಕಂಡದ್ದು ಬೈಫಿಡೋಬ್ಯಾಕ್ಟೀರಿಯಂ ಲ್ಯಾಕ್ಟಿಸ್. ಆದರೆ ಅದೇ ಜಾತಿಯ ಎಚ್‌ಎನ್‌019 ಅನ್ನುವ ತಳಿಯನ್ನು ಚೀನಾದಲ್ಲಿ 229 ಜನರ ಮೇಲೆ ಎಂಟು ವಾರ ನೋಡಿ 2024ರಲ್ಲಿ ಪ್ರಕಟಿಸಿದರು. ಅಲ್ಲಿ ಔಷಧಿಯಿಲ್ಲದ ಹುಸಿ ಮದ್ದಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಹಾಗಾಗಿ ಕುಮಟಾದವರ ಅತ್ತೆಗೆ ಆದದ್ದೂ ಸುಳ್ಳಲ್ಲ, ಶಿರಸಿಯವರ ಅಪ್ಪಯ್ಯನಿಗೆ ಆಗದ್ದೂ ಸುಳ್ಳಲ್ಲ. ಕೊಡುವುದಾದರೆ ತಳಿಯ ಹೆಸರು ಪೂರ್ತಿ ಬರೆದದ್ದನ್ನೇ, ಒಂದೇ ಒಂದನ್ನು, ನಾಲ್ಕು ವಾರ ಕೊಡು. ಕ್ಯಾಲೆಂಡರಿನಲ್ಲಿ ಆದ ದಿನ ಗುರುತು ಹಾಕು. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸು, ಎರಡನೇ ಡಬ್ಬಿ ತರಬೇಡ. ಫ್ರಿಜ್ಜಿನಲ್ಲಿಡು ಅಂತ ಬರೆದಿದ್ದರೆ ಇಡಲೇಬೇಕು, ನಮ್ಮ ಕರಾವಳಿ ಸೆಕೆಗೆ ಅವು ತಡೆಯುವುದಿಲ್ಲ. ಕ್ಯಾನ್ಸರ್ ಕೀಮೋ ನಡೆದಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಇದ್ದರೆ ಡಾಕ್ಟರನ್ನು ಕೇಳದೆ ಬೇಡವೇ ಬೇಡ.

ಇಸಬಗೋಲ್ ಉಬ್ಬರಿಸಿತು ಅಂದೆಯಲ್ಲ, ಎಷ್ಟು ನೀರಿನ ಜೊತೆ ಕೊಟ್ಟೆ? ನಾನು ನೋಡಿದ ಅರ್ಧ ಮನೆಗಳಲ್ಲಿ ಎರಡು ಚಮಚ ಪುಡಿಗೆ ಅರ್ಧ ಲೋಟ ನೀರು. ಅದು ಒಳಗೆ ಸಿಮೆಂಟು. ತುಂಬಿದ ಲೋಟ ಬೇಕು, ಮೇಲೆ ಇನ್ನೊಂದು ಲೋಟ ಕುಡಿದರೆ ಒಳ್ಳೆಯದು. ನುಂಗಲು ತೊಡಕಿದ್ದವರಿಗೆ ಕೊಡಲೇಬಾರದು. ಇಷ್ಟಕ್ಕೂ ಜಗ್ಗದಿದ್ದರೆ ಲ್ಯಾಕ್ಟುಲೋಸ್ ಸಿರಪ್, ಇಲ್ಲವೇ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಡಾಕ್ಟರು ಬರೆಯುತ್ತಾರೆ. ಇವು ಕರುಳಿಗೆ ನೀರು ಎಳೆದು ಮೆತ್ತಗೆ ಮಾಡುತ್ತವೆ, ಒಂದೆರಡು ದಿನ ಕಾಯಬೇಕು. ಪ್ರೋಬಯಾಟಿಕ್‌ಗಿಂತ ಇವುಗಳ ಮೇಲೆಯೇ ನನಗೆ ನಂಬಿಕೆ. ಕಿಡ್ನಿ ತೊಂದರೆ ಇದ್ದವರು ಮೆಗ್ನೀಷಿಯಂ ಇರುವ ಔಷಧಿಯನ್ನು ಅಂಗಡಿಯಿಂದ ಸೀದಾ ತಂದು ಕುಡಿಯಬಾರದು. ರಕ್ತ ಕಂಡರೆ, ತೂಕ ಇಳಿದರೆ, ಹೊಟ್ಟೆ ಉಬ್ಬಿ ವಾಂತಿ ಶುರುವಾದರೆ ಇಲ್ಲಿ ಕೇಳುತ್ತಾ ಕೂರಬೇಡ, ಆಸ್ಪತ್ರೆಗೆ ನಡೆ. ಐರನ್ ಯಾಕೆ ಕೊಡುತ್ತಿದ್ದಾರೆ ಅಂತ ಕೇಳಿದ್ದೀಯಾ? ಈ ವಯಸ್ಸಿನಲ್ಲಿ ರಕ್ತ ಯಾಕೆ ಕಡಿಮೆಯಾಯಿತು ಅನ್ನುವುದನ್ನೂ ನೋಡಬೇಕು.

ಕಾರವಾರದಿಂದ, ಕೇಳಿದವರೇ, ಮೂರು ವಾರದ ಮೇಲೆ

ಎಲ್ಲರಿಗೂ ಉಪಕಾರವಾಯಿತು. ಗುಳಿಗೆಗಳನ್ನೆಲ್ಲ ಕೊಟ್ಟೆಯಲ್ಲಿ ಹಾಕಿಕೊಂಡು ಹೋದೆವು. ಮೊಣಕಾಲಿನದು ಟ್ರಾಮಡಾಲ್ ಸೇರಿಸಿದ್ದೇ ಆಗಿತ್ತು, ಬದಲಿಸಿದರು. ಐರನ್ ಆರು ತಿಂಗಳ ಹಿಂದೆಯೇ ನಿಲ್ಲಬೇಕಿತ್ತಂತೆ, ನಾವೇ ಹಳೇ ಚೀಟಿ ತೋರಿಸಿ ತರುತ್ತಿದ್ದೆವು. ರಕ್ತ ಪರೀಕ್ಷೆ ಬರೆದಿದ್ದಾರೆ, ವರದಿ ನಾಳೆ ಬರುತ್ತದೆ. ಪುಡಿ ಕೊಟ್ಟಿದ್ದಾರೆ, ರಾತ್ರಿ ಒಂದು ಲೋಟ ನೀರಿಗೆ. ಕಳೆದ ವಾರ ಕ್ಯಾಲೆಂಡರಿನಲ್ಲಿ ನಾಲ್ಕು ಗುರುತು ಬಿದ್ದವು, ಹಾಕಿದ್ದು ಆಯಿಯೇ, ಕುಂಕುಮದಲ್ಲಿ. ಕ್ಯಾಪ್ಸೂಲ್ ಡಬ್ಬಿ ಒಡೆಯದೇ ಫ್ರಿಜ್ಜಿನಲ್ಲಿದೆ. ‘ಮುನ್ನೂರು ಕೊಟ್ಟು ತಂದದ್ದು ಹಾಳಾಗುತ್ತದೆ, ನೀನಾದರೂ ನುಂಗು’ ಅಂತ ದಿನಾ ನನ್ನ ಹಿಂದೆ ಬಿದ್ದಿದ್ದಾರೆ.