ಇಟಿಓ ಏರೇಶನ್ ಅರ್ಧಕ್ಕೆ ನಿಂತಿದೆ, ಪಿವಿಸಿ ಟ್ಯೂಬ್ ಬಳಸಬಹುದಾ?

ಓಟಿ_ಟೆಕ್ನಿಷಿಯನ್: ನಮ್ಮದು ಸಣ್ಣ ನರ್ಸಿಂಗ್ ಹೋಮ್. ರಾತ್ರಿ ಇಟಿಓ ಮೆಷಿನ್‌ಗೆ (ಎಥಿಲೀನ್ ಆಕ್ಸೈಡ್ ಗ್ಯಾಸಿನಿಂದ ಸ್ಟೆರೈಲ್ ಮಾಡೋದು) ಪಿವಿಸಿ ಟ್ಯೂಬ್‌ಗಳು, ಸ್ವಲ್ಪ ಸ್ಟೀಲ್ ಸಾಮಾನು ಹಾಕಿದ್ದೆವು. ಗ್ಯಾಸ್ ಸೈಕಲ್ ಮುಗಿದಿತ್ತು, ಏರೇಶನ್ (ಸಾಮಾನಿನಲ್ಲಿ ಉಳಿದ ಗ್ಯಾಸನ್ನು ಗಾಳಿ ಆಡಿಸಿ ಹೊರಹಾಕುವ ಹಂತ) ನಡೀತಿರುವಾಗ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಬೆಳಿಗ್ಗೆ ಯಾರೋ ಪ್ಯಾಕ್‌ಗಳನ್ನು ತೆಗೆದು ಹೊರಗಿಟ್ಟಿದ್ದಾರೆ. ಇಂಡಿಕೇಟರ್ ಪಟ್ಟಿಯ ಬಣ್ಣ ಸರಿಯಾಗಿ ಬದಲಾಗಿದೆ. ಒಂದು ಪ್ಯಾಕ್ ಮೂಸಿ ನೋಡಿದೆ, ವಾಸನೆ ಏನೂ ಇಲ್ಲ. ನಾಳೆ ಕೇಸ್ ಇದೆ. ಸ್ಟೆರೈಲ್ ನೀರಲ್ಲಿ ತೊಳೆದು ಬಳಸಿದರೆ ಸಾಕಲ್ವಾ?

ಸಿಎಸ್‌ಎಸ್‌ಡಿ_ಹಳಬ: ಸಾಕಾಗಲ್ಲ. ಟ್ಯೂಬ್‌ಗಳನ್ನು ಪಕ್ಕಕ್ಕಿಡಿ, ಮೊದಲು ಆ ಮೂಸುವುದನ್ನು ಬಿಡಿ ಸಾರ್. ಎಥಿಲೀನ್ ಆಕ್ಸೈಡ್ ವಾಸನೆ ಮೂಗಿಗೆ ತಿಳಿಯೋದು ಗಾಳಿಯಲ್ಲಿ ನೂರಾರು ಪಿಪಿಎಂ (ಹತ್ತು ಲಕ್ಷ ಪಾಲಿಗೆ ಇಷ್ಟು ಪಾಲು ಅನ್ನೋ ಲೆಕ್ಕ) ಆದಮೇಲೆ. ಅಮೆರಿಕದ ಕೆಲಸದ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಓಶಾ ಕೆಲಸಗಾರರಿಗೆ ಇಟ್ಟ ಮಿತಿ 8 ಗಂಟೆಯ ಸರಾಸರಿ 1 ಪಿಪಿಎಂ. ಕ್ಯಾನ್ಸರ್ ತರುವ ಗ್ಯಾಸ್ ಅದು, ಸುಮ್ನೆ ಮೂಸಿ ನೋಡುವ ವಸ್ತುವಲ್ಲ.

ಪಟ್ಟಿ ಹೇಳೋದು ಗ್ಯಾಸ್ ಅಲ್ಲಿಗೆ ತಲುಪಿದೆ ಅಂತ ಮಾತ್ರ. ಎಷ್ಟು ಉಳಿದಿದೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಪಿವಿಸಿ ಈ ಗ್ಯಾಸನ್ನು ಗೋಡೆಯ ಒಳಗೇ ಹೀರಿಕೊಂಡು, ಆಮೇಲೆ ನಿಧಾನಕ್ಕೆ ಬಿಡುತ್ತದೆ. ಮೇಲೆ ಮೇಲೆ ತೊಳೆದರೆ ಒಳಗಿನದು ಹೋಗಲ್ಲ, ಜೊತೆಗೆ ಪ್ಯಾಕ್ ಬಿಚ್ಚಿ ಸ್ಟೆರಿಲಿಟಿಯೂ ಹೋಯಿತು. ಹಾಗೇ ಬಳಸಿದರೆ ತಾಗಿದ ಕಡೆ ಚರ್ಮ, ಒಳಪೊರೆ ಸುಡಬಹುದು, ರಕ್ತ ಹರಿಯುವ ಟ್ಯೂಬ್ ಆದರೆ ರಕ್ತಕಣ ಒಡೆಯಬಹುದು.

ಗ್ಯಾಸ್ ಹಂತ ಪೂರ್ತಿ ಆಗಿದೆಯಾ ಅಂತ ಮೆಷಿನ್ ಪ್ರಿಂಟ್ ನೋಡಿ. ಆಗಿದ್ದರೆ, ಬಿಚ್ಚದ, ಹರಿಯದ ಪ್ಯಾಕ್‌ಗಳನ್ನು ಮತ್ತೆ ಏರೇಶನ್‌ಗೆ ಹಾಕಿ. ರಾತ್ರಿ ಆಗಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸಾಮಾನ್ಯವಾಗಿ 50ರಿಂದ 60 ಡಿಗ್ರಿಯಲ್ಲಿ 8ರಿಂದ 12 ಗಂಟೆ. ಬರೀ ಕೋಣೆಯಲ್ಲಿಟ್ಟರೆ ಪಿವಿಸಿಗೆ 7 ದಿನ ಬೇಕು. ನಿಮ್ಮ ಮೆಷಿನ್‌ನ, ಟ್ಯೂಬ್ ಕಂಪನಿಯ ಸೂಚನೆ ಬೇರೆ ಇದ್ದರೆ ಅದೇ ಕೊನೆ ಮಾತು. ನಾಳೆಗೆ ಫ್ಯಾಕ್ಟರಿ ಪ್ಯಾಕ್ ತರಿಸಿಬಿಡಿ.

ಓಟಿ_ಟೆಕ್ನಿಷಿಯನ್: ಪ್ರಿಂಟ್ ನೋಡಿದೆ, ಗ್ಯಾಸ್ ಹಂತ ಪೂರ್ತಿ ಇದೆ. ಆದರೆ ಒಂದು ಟ್ಯೂಬ್ ಒಳಗೆ ನೀರಿನ ಹನಿ ಕಾಣ್ತಿದೆ. ಸ್ಟೀಲ್ ಸಾಮಾನು ಬಳಸಬಹುದಾ?

ಸಿಎಸ್‌ಎಸ್‌ಡಿ_ಹಳಬ: ಹನಿ ಇರೋದನ್ನು ಎಸೆಯಿರಿ. ನೀರು ಸೇರಿದರೆ ಗ್ಯಾಸ್ ಎಥಿಲೀನ್ ಗ್ಲೈಕಾಲ್ ಆಗುತ್ತದೆ, ಕ್ಲೋರೈಡ್ ಸಿಕ್ಕರೆ ಎಥಿಲೀನ್ ಕ್ಲೋರೋಹೈಡ್ರಿನ್, ಇವು ಏರೇಶನ್‌ಗೆ ಅಷ್ಟು ಸುಲಭಕ್ಕೆ ಬಿಟ್ಟುಹೋಗಲ್ಲ. ಟ್ಯೂಬ್ ಒಳಗೂ ಗಾಳಿ ಊದಿ ಒಣಗಿಸಿದ ಮೇಲೇ ಲೋಡ್ ಮಾಡಬೇಕು. ಸ್ಟೀಲ್ ಗ್ಯಾಸ್ ಹೀರಲ್ಲ, ಆದರೆ ಸುತ್ತಿದ ಪ್ಯಾಕ್ ಹೀರುತ್ತೆ, ಅದನ್ನೂ ಏರೇಶನ್‌ಗೆ ಹಾಕಿ.

ಬಯೋಮೆಡ್_ದಾವಣಗೆರೆ: ಒಂದು ಮಾತು. ಐಎಸ್‌ಓ 10993-7 (ವೈದ್ಯಕೀಯ ಸಾಧನದಲ್ಲಿ ಉಳಿಯುವ ಈ ಗ್ಯಾಸಿನ ಬಗ್ಗೆ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ 24 ಗಂಟೆಯೊಳಗಿನ ಬಳಕೆಗೆ ಮಿತಿ 4 ಮಿಲಿಗ್ರಾಂ ಎಥಿಲೀನ್ ಆಕ್ಸೈಡ್. ಇದು ದೊಡ್ಡವರ ತೂಕಕ್ಕೆ ಹಾಕಿದ ಲೆಕ್ಕ, ನವಜಾತ ಶಿಶುಗಳ ಬಗ್ಗೆ 2019ರಲ್ಲಿ ತಿದ್ದುಪಡಿ ಬಂತು. ಮಕ್ಕಳ ವಾರ್ಡಿಗೆ ಹೋಗುವ ಟ್ಯೂಬ್ ಆದರೆ ನಿಮ್ಮ ನರ್ಸಿಂಗ್ ಹೋಮ್‌ನ ಮೆಷಿನ್ ನಂಬಬೇಡಿ.

ಓಟಿ_ಟೆಕ್ನಿಷಿಯನ್: ಮಕ್ಕಳದಲ್ಲ. ಪ್ಯಾಕ್‌ಗಳನ್ನು ಮತ್ತೆ ಒಳಗೆ ಹಾಕಿದ್ದೇನೆ, ಈ ಸಲ ಜನರೇಟರ್ ಲೈನ್‌ನಲ್ಲಿ. ನಾಳೆಯ ಕೇಸಿಗೆ ಹೊಸ ಸೆಟ್ ಬಂದಿದೆ.