ಚಿತ್ರ ಬರೆಯುವುದು ಕೆಲಸ, ಆಕಾಶ ನೋಡುವುದು ಹುಚ್ಚು. ಎರಡನ್ನೂ ಸೇರಿಸಲೇ?

ಮುಸ್ಸಂಜೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಹೊಟ್ಟೆಪಾಡು, ಹನ್ನೊಂದು ವರ್ಷದಿಂದ. ಆಕಾಶದ ಹುಚ್ಚು ಹತ್ತಿದ್ದು ಆಮೇಲೆ, 2019ರ ಕೊನೆಯಲ್ಲಿ, ಆರ್ದ್ರಾ ನಕ್ಷತ್ರ ಮಂಕಾಗತೊಡಗಿದಾಗ. ದಿನಾ ರಾತ್ರಿ ಹೊರಗೆ ನಿಂತು ಅದನ್ನು ರೋಹಿಣಿಯ ಜೊತೆ ಹೋಲಿಸುತ್ತಿದ್ದೆ. ಮಾಮೂಲಿಯಾಗಿ ಆರ್ದ್ರಾದ ಕಾಂತಿಮಾನ 0.5ರ ಆಸುಪಾಸು. ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ ಅಂತ ಲೆಕ್ಕ. ನೋಡನೋಡುತ್ತ ಅದು ರೋಹಿಣಿಗಿಂತ ಮಂಕಾಯಿತು. 2020ರ ಫೆಬ್ರವರಿ ಹೊತ್ತಿಗೆ ಸುಮಾರು 1.6ಕ್ಕೆ ಇಳಿದು ಪಕ್ಕದ ಬೆಲಾಟ್ರಿಕ್ಸ್ ನಕ್ಷತ್ರಕ್ಕೆ ಸರಿಸಮವಾಗಿತ್ತು. ಯಾವ ಸಲಕರಣೆಯೂ ಇಲ್ಲದೆ ಬರಿಗಣ್ಣಿನಲ್ಲಿ ಅದನ್ನು ಹಿಡಿದೆನಲ್ಲ ಅನ್ನುವ ಖುಷಿ ಇನ್ನೂ ಆರಿಲ್ಲ. ಆಮೇಲೆ 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಬಂತು, ಕೆಂಪು ಟಾರ್ಚ್ ಬಂತು, ಕಂಡದ್ದನ್ನು ಪೆನ್ಸಿಲಿನಲ್ಲಿ ಬರೆದಿಡುವ ನೋಟ್‌ಬುಕ್ ಬಂತು. ಈಗ ನಡೆಯುತ್ತಿರುವುದು ನಾಲ್ಕನೆಯದು.

ಇಷ್ಟು ದಿನ ಇದನ್ನು ಕೆಲಸದ ಹತ್ತಿರಕ್ಕೂ ಬಿಟ್ಟುಕೊಂಡಿರಲಿಲ್ಲ. ಹೋದ ತಿಂಗಳು ಒಬ್ಬ ಆರ್ಟ್ ಡೈರೆಕ್ಟರ್‌ಗೆ ಪೋರ್ಟ್‌ಫೋಲಿಯೊ ತೋರಿಸುವಾಗ ಚೀಲದಿಂದ ಆ ನೋಟ್‌ಬುಕ್ಕೂ ಈಚೆ ಬಂತು. ಅವರು ಪೋರ್ಟ್‌ಫೋಲಿಯೊ ಬದಿಗಿಟ್ಟು ಅದನ್ನೇ ಇಪ್ಪತ್ತು ನಿಮಿಷ ತಿರುವಿ ನೋಡಿದರು. "ಇದು ನಿಮ್ಮ ಪುಸ್ತಕಗಳಲ್ಲಿ ಎಲ್ಲೂ ಕಾಣಲಿಲ್ಲವಲ್ಲ" ಅಂದರು. ಆವತ್ತಿನಿಂದ ಆ ಮಾತು ಕೊರೆಯುತ್ತಿದೆ.

ಯಾಕೆಂದರೆ ಅದು ನಿಜ. ಬಿದಿಗೆ ಚಂದ್ರ ಸೂರ್ಯನ ಬೆನ್ನು ಹತ್ತಿ ಹೋಗುವವನು, ಕತ್ತಲಾಗಿ ಒಂದೆರಡು ಗಂಟೆಯೊಳಗೆ ಮುಳುಗುತ್ತಾನೆ. ಇದು ನನಗೆ ಕಣ್ಣಾರೆ ಗೊತ್ತು. ಆದರೂ ಪ್ರಕಾಶಕರು ಕೊಡುವ ಬ್ರೀಫ್‌ನಲ್ಲಿ "ನಡುರಾತ್ರಿ" ಅಂತಿದ್ದರೆ ನನ್ನ ಕೈ ತಾನಾಗಿ ನೆತ್ತಿಯ ಮೇಲೆ ಕುಡುಗೋಲಿನಂಥ ಚಂದ್ರನನ್ನು ಬರೆದುಬಿಡುತ್ತದೆ. ಹಗಲು ಮೇಜಿನ ಮುಂದೆ ಕೂತವಳಿಗೂ ರಾತ್ರಿ ಟೆಲಿಸ್ಕೋಪಿಗೆ ಕಣ್ಣಿಟ್ಟವಳಿಗೂ ಪರಿಚಯವೇ ಇಲ್ಲದ ಹಾಗಾಗಿದೆ.

ಒಮ್ಮೆ ಸೇರಿಸಲು ನೋಡಿದ್ದೆ. ನಕ್ಷತ್ರವೊಂದರ ಹುಟ್ಟು ಸಾವಿನ ಬಗ್ಗೆ 32 ಪುಟದ ಡಮ್ಮಿ, ಅಂದರೆ ಪುಸ್ತಕದ ಕರಡು ಮಾದರಿ, ಮಾಡಿದೆ. ಗೊತ್ತಿದ್ದದ್ದನ್ನೆಲ್ಲ ಅದರಲ್ಲಿ ತುರುಕಿದೆ. ಕಥೆಯ ಹುಡುಗಿಗೆ ಬೆರಳೆತ್ತಿ ತೋರಿಸುವುದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ. ಓದಿ ಹೇಳುತ್ತಿದ್ದಾಗ ಏಳು ವರ್ಷದ ಮಗುವೊಂದು ನಾಲ್ಕನೇ ಪುಟಕ್ಕೇ ಎದ್ದು ಹೋಯಿತು. ಆ ಡಮ್ಮಿಯನ್ನು ಮತ್ತೆ ತೆರೆದಿಲ್ಲ.

ಇನ್ನೊಂದು ಭಯವೂ ಇದೆ. ರಾತ್ರಿ ಹೊರಗಿದ್ದಾಗ ನನಗಾಗಿ ಯಾರೂ ಕಾಯುತ್ತಿರುವುದಿಲ್ಲ. ಡೆಡ್‌ಲೈನ್ ಇಲ್ಲ, ತಿದ್ದುಪಡಿ ಇಲ್ಲ. ಮೋಡ ಕವಿದರೆ ಒಳಗೆ ಬರುತ್ತೇನೆ, ಅಷ್ಟೇ. ಅದನ್ನೂ ಕೆಲಸಕ್ಕೆ ಒಪ್ಪಿಸಿಬಿಟ್ಟರೆ ಆಮೇಲೆ ನನ್ನದು ಅಂತ ಏನು ಉಳಿಯುತ್ತದೆ? ಹೊರಗಿನ ಆಸಕ್ತಿಯನ್ನು ನಿಮ್ಮ ಕಲೆಯೊಳಗೆ ತಂದವರು ಇಲ್ಲಿದ್ದರೆ, ಹೇಗೆ ತಂದಿರಿ, ಏನು ಕಳೆದುಕೊಂಡಿರಿ, ದಯವಿಟ್ಟು ಹೇಳಿ.

ತಂತಿ ಬರೆದದ್ದು:

ಮೇಡಂ, ನಾನು ನಾಟಕಗಳಿಗೆ ಸಂಗೀತ ಕೊಡುವವನು. ಓದಿದ್ದು ಕಟ್ಟಡಗಳ ಎಂಜಿನಿಯರಿಂಗ್. ಹಾಗಾಗಿ ಸಂಗೀತ ರಚನಕಾರ ಯಾನಿಸ್ ಝೆನಾಕಿಸ್ ನನಗೆ ಬಹಳ ಹತ್ತಿರದವರು. ಅವರೂ ಎಂಜಿನಿಯರ್, ಪ್ಯಾರಿಸ್‌ನಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಕಚೇರಿಯಲ್ಲಿ ಕೆಲಸ. ಮೂವತ್ತರ ಹತ್ತಿರ ಬಂದಿದ್ದಾಗ ಸಂಗೀತಗಾರ ಮೆಸ್ಸಿಯಾನ್ ಬಳಿ ಹೋಗಿ, ಮೊದಲಿನಿಂದ ಹಾರ್ಮನಿ, ಕೌಂಟರ್‌ಪಾಯಿಂಟ್‌ನಂಥ ಪಾಶ್ಚಾತ್ಯ ಸಂಗೀತದ ಪಾಠ ಕಲಿಯಬೇಕೇ ಎಂದು ಕೇಳಿದರು. ಬೇಡ, ನೀನು ಗ್ರೀಕ್, ವಾಸ್ತುಶಿಲ್ಪದ ಕೆಲಸ ಬಲ್ಲವನು, ಗಣಿತ ಓದಿದವನು, ಅದನ್ನೇ ಸಂಗೀತದೊಳಗೆ ಬಳಸು ಅನ್ನುವ ಅರ್ಥದ ಉತ್ತರ ಬಂತು. ಹಾಗೆ ಹೇಳಿದ ಮೆಸ್ಸಿಯಾನ್ ಸ್ವತಃ ಕಾಡಿಗೆ ಹೋಗಿ ಹಕ್ಕಿಗಳ ಕೂಗನ್ನು ಸ್ವರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದವರು.

ಮುಂದೆ ಝೆನಾಕಿಸ್ ಮಾಡಿದ್ದು ನೋಡಿ. 1954ರಲ್ಲಿ ಮುಗಿಸಿದ 'ಮೆಟಾಸ್ಟಾಸಿಸ್' ಅನ್ನುವ ವಾದ್ಯವೃಂದದ ಕೃತಿಯಲ್ಲಿ ಒಬ್ಬೊಬ್ಬ ತಂತಿವಾದಕನಿಗೂ ಬೇರೆ ಬೇರೆ ಭಾಗ. ಸ್ವರ ಜಾರುವುದನ್ನು ಗ್ರಾಫ್ ಹಾಳೆಯ ಮೇಲೆ ಸರಳರೇಖೆಗಳಾಗಿ ಎಳೆದರು. ಪ್ರತಿ ರೇಖೆಯ ಓರೆ ಸ್ವಲ್ಪ ಸ್ವಲ್ಪ ಬದಲಾಗುತ್ತ ಹೋದರೆ ಎಲ್ಲ ಸೇರಿ ಒಂದು ಬಾಗಿದ ಮೈ ಕಾಣುತ್ತದೆ. 1958ರ ಬ್ರಸೆಲ್ಸ್ ಪ್ರದರ್ಶನಕ್ಕೆ ಲೆ ಕಾರ್ಬೂಸಿಯೆ ಕಚೇರಿಯಲ್ಲಿ ಅವರು ರೂಪಿಸಿದ ಫಿಲಿಪ್ಸ್ ಪೆವಿಲಿಯನ್ ಕಟ್ಟಡದ ಗೋಡೆಗಳೂ ಇದೇ ಯೋಚನೆಯಿಂದ ಹುಟ್ಟಿದವು. ಕಟ್ಟಡದ ಬಗ್ಗೆ ಹಾಡು ಬರೆಯಲು ಅವರು ಹೋಗಲೇ ಇಲ್ಲ. ಗೆರೆ ಎಳೆಯುವ ಕೈ ಮಾತ್ರ ಸಂಗೀತದೊಳಗೆ ಬಂತು.

ನನ್ನದು ಸಣ್ಣ ಅನುಭವ. ಒಂದು ದೃಶ್ಯಕ್ಕೆ ಏನು ನುಡಿಸಿದರೂ ಕುಸಿಯುತ್ತಿತ್ತು. ಕೊನೆಗೆ, ಇಲ್ಲಿ ಹೊರೆ ಯಾವುದು, ಹೊರುವ ಕಂಬ ಯಾವುದು ಎಂದು ಕೇಳಿಕೊಂಡೆ. ಹೊರೆ ಎಲ್ಲ ನಟಿಯ ಮೌನದಲ್ಲಿತ್ತು. ನಾನು ಆ ಮೌನದ ಕೆಳಗೆ ಕಂಬ ಕೊಡುವ ಬದಲು ಮೇಲಿನಿಂದ ಭಾರ ಹೇರುತ್ತಿದ್ದೆ. ಎಲ್ಲ ತೆಗೆದು ಒಂದೇ ಒಂದು ತಗ್ಗಿನ ಸ್ವರ ಇಟ್ಟೆ, ನಿಂತಿತು.

ಲೋಲಕ ಬರೆದದ್ದು:

ನಿಮ್ಮ ಭಯದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅದನ್ನು ಅನುಭವಿಸಿದ್ದೇನೆ. ನಾನು ಕಥೆ ಬರೆಯುವವಳು, ಹಳೆಯ ಗಡಿಯಾರ ರಿಪೇರಿ ನನ್ನ ಪ್ರಾಣ. ಪತ್ರಿಕೆಯೊಂದು ಗಡಿಯಾರಗಳ ಬಗ್ಗೆ ವಾರಕ್ಕೊಂದು ಅಂಕಣ ಕೇಳಿದಾಗ ಕುಣಿದಾಡಿ ಒಪ್ಪಿಕೊಂಡೆ. ಆರು ತಿಂಗಳಲ್ಲಿ ಏನಾಯಿತೆಂದರೆ, ಹಿಂಬದಿಯ ಸ್ಕ್ರೂ ಬಿಚ್ಚುವ ಮೊದಲೇ ತಲೆಯಲ್ಲಿ ವಾಕ್ಯ ಶುರುವಾಗುತ್ತಿತ್ತು. ಮುಳ್ಳು ಯಾಕೆ ನಿಂತಿದೆ ಅಂತ ನೋಡುವುದಕ್ಕಿಂತ ಇದರಲ್ಲಿ ಎಂಟುನೂರು ಪದ ಸಿಗುತ್ತದೆಯೇ ಅಂತ ನೋಡುತ್ತಿದ್ದೆ. ಒಂದು ಸಲ ಸ್ಪ್ರಿಂಗ್ ಬಿಗಿ ಬಿಡಿಸುವುದನ್ನೇ ಮರೆತು ಕವಚ ತೆಗೆದೆ. ಅದು ಸಿಡಿದು ಹೆಬ್ಬೆರಳು ಸೀಳಿತು. ಅಂಕಣ ನಿಲ್ಲಿಸಿದೆ. ಉಪಕರಣಗಳನ್ನು ಮತ್ತೆ ಮುಟ್ಟಲು ಒಂದು ವರ್ಷ ಬೇಕಾಯಿತು.

ಹಾಗಂತ ಗಡಿಯಾರ ನನ್ನ ಕಥೆಯೊಳಗೆ ಬರುವುದೇ ಇಲ್ಲ ಅಂತಲ್ಲ. ಸೆಕೆಂಡಿಗೊಮ್ಮೆ ತೂಗುವ ಲೋಲಕದ ಉದ್ದ ಹೆಚ್ಚುಕಡಿಮೆ 99.4 ಸೆಂಟಿಮೀಟರ್. ಬಿಸಿಗೆ ಲೋಹದ ಕಡ್ಡಿ ಹಿಗ್ಗಿದರೆ ಗಡಿಯಾರ ನಿಧಾನವಾಗುತ್ತದೆ. ಒಂದು ಕಥೆಯ ಗಂಡಹೆಂಡಿರ ಮನೆಯಲ್ಲಿ ಇಬ್ಬರ ಗಡಿಯಾರಗಳು ಸೆಕೆಯ ದಿನಗಳಲ್ಲಿ ಬೇರೆ ಬೇರೆ ಹೊತ್ತು ತೋರಿಸುತ್ತವೆ. ಕಾರಣವನ್ನು ಕಥೆಯಲ್ಲಿ ಎಲ್ಲೂ ಹೇಳಿಲ್ಲ. ಅದು ತಾನಾಗಿ ಬಂದದ್ದು, ನಾನು ಹೋಗಿ ಎಳೆತಂದದ್ದಲ್ಲ.

ಈಗ ನನ್ನ ಹತ್ತಿರ ಒಂದು ಗೋಡೆ ಗಡಿಯಾರವಿದೆ. ಅದರ ಬಗ್ಗೆ ಎಲ್ಲೂ ಬರೆದಿಲ್ಲ, ಇಲ್ಲೂ ಬರೆಯುವುದಿಲ್ಲ. ನೀವೂ ಅಂಥದ್ದೊಂದನ್ನು ಇಟ್ಟುಕೊಳ್ಳಿ ತಂಗಿ.

ಅಚ್ಚಿನಮೊಳೆ ಬರೆದದ್ದು:

ಪುಸ್ತಕ ವಿನ್ಯಾಸ ಮಾಡುವವನಾಗಿ ಒಂದು ಮಾತು. ಪೋರ್ಟ್‌ಫೋಲಿಯೊಗೆ ಗ್ರಹ, ನೀಹಾರಿಕೆಗಳನ್ನು ಸೇರಿಸಬೇಡಿ. ಸೇರಿಸಿದರೆ ವಿಜ್ಞಾನದ ಪುಸ್ತಕ ಬಂದಾಗ ಮಾತ್ರ ನಿಮ್ಮ ನೆನಪಾಗುತ್ತದೆ. ಕತ್ತಲನ್ನು ನೀವು ಬೇರೆಯವರಿಗಿಂತ ಚೆನ್ನಾಗಿ ಬಲ್ಲಿರಿ ಅನ್ನುವುದು ಕಾಣುವ ಮೂರು ಮಾಮೂಲಿ ದೃಶ್ಯ ಇಡಿ: ಓಣಿ, ಅಂಗಳ, ಕಿಟಕಿ. ಇಂಗ್ಲೆಂಡಿನ ಮಕ್ಕಳ ಪುಸ್ತಕಗಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್ ಅಣಬೆಗಳ ನೂರಾರು ಚಿತ್ರ ಬರೆದಿದ್ದರು. 1897ರಲ್ಲಿ ಅಣಬೆ ಬೀಜಕಗಳ ಮೊಳೆಯುವಿಕೆಯ ಬಗ್ಗೆ ಅವರ ಪ್ರಬಂಧ ಲಂಡನ್ನಿನ ಲಿನ್ನಿಯನ್ ಸೊಸೈಟಿ ಅನ್ನುವ ಜೀವವಿಜ್ಞಾನಿಗಳ ಸಂಘದ ಮುಂದೆ ಬಂತು. ಹೆಂಗಸರಿಗೆ ಆ ಸಭೆಗೆ ಪ್ರವೇಶವಿರಲಿಲ್ಲ, ಹಾಗಾಗಿ ಅದನ್ನು ಮುಂದಿಟ್ಟವರು ಬೇರೆಯವರು. ಪಾಟರ್ ಅವರನ್ನು ಲೋಕ ಗುರುತಿಸಿದ್ದು 1902ರ ಮೊಲದ ಪುಸ್ತಕದಿಂದ. ಮೊಲ ಕೋಟು ತೊಟ್ಟಿದ್ದರೂ ಅದರ ಮೈಕಟ್ಟು, ಸುತ್ತಲಿನ ಗಿಡ, ಎಲ್ಲ ನಿಜವಾದವೇ.

ಮುಸ್ಸಂಜೆ (ಮೂರು ವಾರದ ನಂತರ):

ಮೂವರಿಗೂ ನಮಸ್ಕಾರ. ಲೋಲಕ ಅಕ್ಕಾ, ನಿಮ್ಮ ಹೆಬ್ಬೆರಳಿನ ಕಥೆ ಓದಿ ಆ ರಾತ್ರಿಯೇ ತೀರ್ಮಾನ ಮಾಡಿದೆ: ನಾಲ್ಕು ನೋಟ್‌ಬುಕ್ಕುಗಳು ಕಪಾಟಿನಲ್ಲೇ ಇರುತ್ತವೆ, ಸ್ಕ್ಯಾನ್ ಕೂಡ ಮಾಡುವುದಿಲ್ಲ.

ಕೈಯಲ್ಲಿದ್ದ ಪುಸ್ತಕದಲ್ಲಿ ಒಂದು ಹುಡುಗಿ ಕೆಂಪು ಕೋಟು ಹಾಕಿಕೊಂಡು ತಡವಾಗಿ ಮನೆಗೆ ಬರುತ್ತಾಳೆ. ಮೊದಲ ಡ್ರಾಫ್ಟ್‌ನಲ್ಲಿ ರಾತ್ರಿಯ ಪುಟದಲ್ಲೂ ಕೋಟು ಕೆಂಪಗೇ ಇತ್ತು, ಮೇಲೊಂದು ನೀಲಿ ಛಾಯೆ ಎಳೆದಿದ್ದೆ ಅಷ್ಟೇ. ತಂತಿಯವರ ಮಾತು ನೆನಪಾಗಿ, ಕೆಂಪು ಟಾರ್ಚ್ ಯಾಕೆ ಬಳಸುತ್ತೇನೆ ಅಂತ ಯೋಚಿಸಿದೆ. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಬೆಳಕು ಕಾಣುವುದೇ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಕೆಂಪು ಟಾರ್ಚಿನಿಂದ ಇರುಳಿಗೆ ಹೊಂದಿಕೊಂಡ ಕಣ್ಣು ಕೆಡುವುದಿಲ್ಲ. ಹಾಗಾದರೆ ಕತ್ತಲಾಗುತ್ತ ಕೆಂಪು ಕೋಟು ಏನಾಗಬೇಕು? ಬೆಳಕು ಇಳಿದಂತೆ ಕೆಂಪು ಬೇರೆ ಬಣ್ಣಗಳಿಗಿಂತ ಬೇಗ ಕಪ್ಪಾಗಿ ಕಾಣುವುದನ್ನು ಪುರ್ಕಿನ್ಯೆ ಪರಿಣಾಮ ಅನ್ನುತ್ತಾರೆ. ಹೆಸರು ನನಗೆ ಎಷ್ಟೋ ವರ್ಷದಿಂದ ಗೊತ್ತಿತ್ತು, ಚಿತ್ರದ ಹಾಳೆಯ ಮೇಲೆ ಒಮ್ಮೆಯೂ ನೆನಪಾಗಿರಲಿಲ್ಲ.

ಕೆಂಪು ಬಟ್ಟೆಯೊಂದನ್ನು ಗಿಡದ ಮೇಲೆ ಹರವಿ ಸೂರ್ಯ ಮುಳುಗಿದ ಮೇಲೆ ಮುಕ್ಕಾಲು ಗಂಟೆ ಎದುರು ಕೂತೆ. ಮೊದಲು ಬಟ್ಟೆ ಎಲೆಗಳಿಗಿಂತ ಎದ್ದು ಕಾಣುತ್ತಿತ್ತು. ಆಮೇಲೆ ಎರಡೂ ಸಮ. ಕೊನೆಗೆ ಎಲೆಗಳು ಬೂದು ಬಣ್ಣದಲ್ಲಿ ತಿಳಿಯಾಗಿ ಉಳಿದವು, ಬಟ್ಟೆ ಕಪ್ಪು ತೂತಿನ ಹಾಗಾಯಿತು. ಆರ್ದ್ರಾವನ್ನು ರೋಹಿಣಿಗೆ ಹೋಲಿಸಿದ್ದೂ ಇದೇ ರೀತಿ ಅಲ್ಲವೇ, ಪಕ್ಕದ್ದನ್ನು ನೋಡಿ ಇದನ್ನು ಅಳೆಯುವುದು!

ಈಗ ಮೂರು ಪುಟದಲ್ಲಿ ಕೋಟು ಮೂರು ಬಣ್ಣ: ಕೆಂಪು, ಸುಟ್ಟ ಇಟ್ಟಿಗೆ, ಕಪ್ಪು. ಎರಡನೇ ಪುಟದಲ್ಲಿ ಪಡುವಣಕ್ಕೆ ತೆಳ್ಳನೆ ಚಂದ್ರ, ಮೂರನೆಯದರಲ್ಲಿ ಅವನಿಲ್ಲ. ಸಂಪಾದಕಿ "ಕೋಟಿನ ಬಣ್ಣ ಪುಟದಿಂದ ಪುಟಕ್ಕೆ ತಪ್ಪಿದೆ" ಎಂದು ವಾಪಸ್ ಕಳಿಸಿದರು. ಇವತ್ತು ಸಂಜೆ ಒಂದು ಕೆಂಪು ಶಾಲು ಹಿಡಿದು ಹೊರಗೆ ಕೂತು ನೋಡಿ ಎಂದು ಬರೆದೆ. ಮರುದಿನ ಅವರ ಉತ್ತರ ಬಂತು. ಪುಟಗಳು ಹಾಗೇ ಉಳಿದವು. ಕಥೆಯಲ್ಲೂ ಒಂದು ಸಾಲು ಬದಲಾಯಿತು: ಬಾಗಿಲಲ್ಲಿ ನಿಂತ ಅಮ್ಮ ಮಗಳನ್ನು ಕೋಟಿನಿಂದ ಗುರುತಿಸುವುದಿಲ್ಲ, ನಡಿಗೆಯಿಂದ ಗುರುತಿಸುತ್ತಾಳೆ. ಈ ಸಾಲು ನನಗೆ ಬಹಳ ಇಷ್ಟ.

ಅಚ್ಚಿನಮೊಳೆ ಸರ್, ಒಂದು ಸಹಾಯ. ಮೂರನೇ ಪುಟದಲ್ಲಿ ಕಪ್ಪು ಕೋಟು ಹಿಂದಿನ ಪೊದೆಯೊಳಗೆ ಕರಗಿಹೋಗುತ್ತಿದೆ. ಪರದೆಯ ಮೇಲೆ ಸರಿಯಿದೆ, ಪ್ರಿಂಟ್ ತೆಗೆದರೆ ಹುಡುಗಿಯೇ ಇಲ್ಲ.

ಅಚ್ಚಿನಮೊಳೆ ಬರೆದದ್ದು:

ನುಣುಪಿಲ್ಲದ ಕಾಗದ ಶಾಯಿಯನ್ನು ಹೀರಿಕೊಂಡು ಚುಕ್ಕೆಗಳು ಹಿಗ್ಗುತ್ತವೆ, ಗಾಢ ಬಣ್ಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೋಟನ್ನು ಮುಟ್ಟಬೇಡಿ. ಪೊದೆಯ ಎಲೆಗಳನ್ನು ಇನ್ನಷ್ಟು ತಿಳಿ ಮಾಡಿ, ನೀವು ಕೂತು ನೋಡಿದಾಗ ಕಂಡದ್ದೂ ಅದೇ ತಾನೆ. ಆಮೇಲೆ ಪುಸ್ತಕ ಅಚ್ಚಾಗುವ ಕಾಗದದ ಮೇಲೇ ಆ ಒಂದು ಪುಟದ ಪ್ರೂಫ್ ಕೇಳಿ.